ಖಾಲಿ ಎಂದು ಬರೆದ ಮನೆಯಿಂದ

ಗುರುವಾರ, ಮಧ್ಯಾಹ್ನ

ತಮ್ಮನಿಗೆ,

ನಿನ್ನ ಅಕ್ಕ ಬರೆಯುವುದು. 'ಇತ್ತ ನಾವೆಲ್ಲ ಕ್ಷೇಮ' ಎಂದು ಮೊದಲು ಬರೆಯಬೇಕು, ಅದು ರೂಢಿ. ಆದರೆ ಇತ್ತ ನಾವು ಇದ್ದೇವೆಯೋ ಇಲ್ಲವೋ ಎಂಬುದೇ ನಿಮ್ಮ ನಗರಸಭೆಯಲ್ಲಿ ಇನ್ನೂ ಇತ್ಯರ್ಥವಾಗಿಲ್ಲ. ಇದ್ದೇವೆ ಎಂದಾದ ಮೇಲೆ ಕ್ಷೇಮದ ಮಾತು. ನೀನು ಚೆನ್ನಾಗಿರುವುದನ್ನು ಹೋದ ವಾರ ಸಭೆಯಲ್ಲಿ ಕಣ್ಣಾರೆ ನೋಡಿದೆ. ಸ್ವಲ್ಪ ಮೈ ಬಂದಿದೆ. ವೇದಿಕೆಯ ಮೆಟ್ಟಿಲು ಹತ್ತುವಾಗ ಮಂಡಿಗೆ ಕೈ ಊರಿದೆ. ನನಗೂ ಹಾಗೇ. ಅಪ್ಪ ನಮಗಿಬ್ಬರಿಗೂ ಸಮಪಾಲು ಮಾಡಿಟ್ಟು ಹೋದದ್ದು ಆ ಮಂಡಿನೋವು ಒಂದೇ.

ಕಾಗದ ಯಾಕೆ, ಫೋನ್ ಮಾಡಬಾರದಿತ್ತೇ ಅನ್ನುತ್ತೀಯ. ಮಾಡಿದೆ ಕಣಪ್ಪ. ನಿನ್ನ ಫೋನನ್ನು ಈಗ ಬೇರೆ ಯಾರೋ ಎತ್ತುತ್ತಾರೆ. ಸಾಹೇಬರು ಮೀಟಿಂಗಿನಲ್ಲಿದ್ದಾರೆ, ನೀವು ಯಾರು, ವಿಷಯ ಏನು ಎಂದ. ಅಕ್ಕ ಎಂದೆ. "ಯಾವ ಏರಿಯಾ ಅಕ್ಕ?" ಎಂದ. ಓಟಿಗಾಗಿ ನೀನು ಅಕ್ಕ ಅಂದವರು ಅಷ್ಟು ಜನ ಇದ್ದಾರೇನೋ, ನಾನು ಸಾಲಿನಲ್ಲಿ ಎಷ್ಟನೆಯವಳೋ ಗೊತ್ತಾಗದೆ ಇಟ್ಟುಬಿಟ್ಟೆ. ಕಾಗದವಾದರೆ ನಡುವೆ ಯಾರೂ ಮಾತಾಡುವುದಿಲ್ಲ. ನಿನ್ನ ಹಳೆಯ ಪಾಠದ ಪುಸ್ತಕಗಳನ್ನು ನೋಡಿಕೊಂಡು ಅಕ್ಷರ ಕೂಡಿಸಿದವಳು ನಾನು. ಒತ್ತಕ್ಷರ ತಪ್ಪಿದ್ದರೆ ನಿನ್ನ ಮೇಷ್ಟರನ್ನು ಬೈದುಕೋ.

ಈಗ ವಿಷಯಕ್ಕೆ ಬರುತ್ತೇನೆ. ಆ ದಿನ ಸಭೆಯಲ್ಲಿ ನಾನು ಎಲ್ಲಿ ಕೂತಿದ್ದೆ ಎಂಬುದು ನಿನಗೆ ಗೊತ್ತು. ನೀನು ನನ್ನ ಕಡೆ ಒಮ್ಮೆಯೂ ನೋಡಲಿಲ್ಲವಲ್ಲ, ಅದರಿಂದಲೇ ನಿನಗೆ ಗೊತ್ತಿತ್ತೆಂದು ತಿಳಿಯಿತು. ನಗರಸಭೆಯ ಇಂಜಿನಿಯರಮ್ಮ, ನಮ್ಮ ಬೀದಿಗಳನ್ನೆಲ್ಲ ಕೆಡವಿ ಕಟ್ಟುವ ಹೊಸ ಕಟ್ಟಡದ ಚಿತ್ರವನ್ನು ಪರದೆಯ ಮೇಲೆ ತೋರಿಸಿದಳು. ಚೆಂದದ ಚಿತ್ರ, ಸುಳ್ಳು ಹೇಳಬಾರದು. ಮರಗಳೂ ಇದ್ದವು, ಮರದ ಕೆಳಗೆ ನಗುವವರೂ ಇದ್ದರು. ಈಗ ವಾಸವಿರುವ ಪ್ರತಿ ಸಂಸಾರಕ್ಕೂ ಅದರಲ್ಲಿ ಒಂದು ಮನೆ, ಅವರ ಒಪ್ಪಿಗೆ ಇಲ್ಲದೆ ಒಂದು ಇಟ್ಟಿಗೆಯನ್ನೂ ಅಲುಗಾಡಿಸುವುದಿಲ್ಲ ಎಂದಳು. ನಮ್ಮವರು ಚಪ್ಪಾಳೆ ತಟ್ಟಿದರು. ಆಮೇಲೆ ನಕ್ಷೆ ಬಂತು. ಉಳಿದ ಬೀದಿಗಳಿಗೆಲ್ಲ ಬಣ್ಣ. ನಮ್ಮ ಓಣಿ ಮಾತ್ರ ಬಿಳಿ. ಇದೇನು ಎಂದು ನಮ್ಮ ಕಂಡಕ್ಟರು ಎದ್ದು ಕೇಳಿದರು. ನಿನಗೆ ನೆನಪಿರಬೇಕು, ಬಸ್ಸಿನ ಕೆಲಸ ಬಿಟ್ಟು ಎಷ್ಟೋ ವರ್ಷವಾದರೂ ಅವರು ನಮಗೆ ಕಂಡಕ್ಟರೇ. ಇಂಜಿನಿಯರಮ್ಮ ಬಹಳ ವಿನಯದಿಂದ, ಆ ಸಾಲು ಪೂರ್ತಿ ಖಾಲಿ, ಸಮೀಕ್ಷೆಯವರು ಎರಡು ಸಲ ಹೋಗಿ ಬಂದಿದ್ದಾರೆ, ಬಾಗಿಲುಗಳು ಬಹುಕಾಲದಿಂದ ಮುಚ್ಚಿವೆ, ವಾಸವಿಲ್ಲ, ಹಾಗಾಗಿ ಮೊದಲು ಕೆಡವುವುದು ಅದನ್ನೇ ಎಂದಳು.

ನಾವು ಒಂದಿಡೀ ಸಾಲು ಜನ, ಕುರ್ಚಿಗಳಲ್ಲಿ ಕೂತು, ನಾವಿಲ್ಲ ಎಂಬುದನ್ನು ಕೇಳಿಸಿಕೊಂಡೆವು. ಮೊದಲು ಯಾರೋ ಕಿಸಕ್ಕನೆ ನಕ್ಕರು. ಕಂಡಕ್ಟರು ಮಾತ್ರ ನಗಲಿಲ್ಲ. "ಬಸ್ಸಲ್ಲಿ ಕೂತಿರೋರನ್ನ ಬಿಟ್ಟು ಖಾಲಿ ಬಸ್ಸು ಅಂತ ಬರ್ಕೊಂಡ್ರೆ ನಮ್ಮನ್ನ ಕೆಲಸದಿಂದ ತೆಗೀತಿದ್ರಮ್ಮ. ನಿಮ್ಮಲ್ಲಿ ಏನ್ ಮಾಡ್ತಾರೆ?" ಎಂದರು. ಕರೆಂಟು ಬಿಲ್ಲು, ನೀರಿನ ಬಿಲ್ಲು ಎಲ್ಲ ಕೈಯಲ್ಲೇ ಹಿಡಿದುಕೊಂಡಿದ್ದರು. ಅದಕ್ಕೆ ಅವಳು, ಬಿಲ್ಲು ಬರುವುದು ಮೀಟರಿಗೆ, ಮನುಷ್ಯರಿಗಲ್ಲ ಎಂದಳು. ಅದೂ ಸರಿಯೇ ಅನ್ನು. ಮೀಟರುಗಳೆಲ್ಲ ಸತ್ತವರ ಹೆಸರಿನಲ್ಲಿವೆ. ಬದುಕಿರುವವರಿಗೆ ಹೆಸರು ಬದಲಾಯಿಸಿಕೊಡಿ ಎಂದು ನಿಮ್ಮ ಕಚೇರಿಗೆ ಅಲೆದು ಅಲೆದು ಅವರಲ್ಲೂ ಇಬ್ಬರು ಸತ್ತರು.

ಆಗ ಎಲ್ಲರೂ ನಿನ್ನ ಕಡೆ ತಿರುಗಿದರು. ವಾರ್ಡಿನ ಸದಸ್ಯ ನೀನು. ನೀನು ನೀರು ಕುಡಿದೆ. ಲೋಟ ಕೆಳಗಿಟ್ಟು, "ದಾಖಲೆ ಪ್ರಕಾರ ಏನಿದೆಯೋ ಅದನ್ನ ಪರಿಶೀಲಿಸೋಣ" ಎಂದೆ.

ತಮ್ಮಾ, ಆ ಸಭೆಯಲ್ಲಿ ಅಷ್ಟು ಜನ ಅಧಿಕಾರಿಗಳಿದ್ದರು. ನಮ್ಮ ಮುಂಬಾಗಿಲು ಯಾಕೆ ತೆಗೆಯುವುದಿಲ್ಲ ಎಂಬುದು ಅವರಲ್ಲಿ ಯಾರಿಗೂ ಗೊತ್ತಿರಲಿಲ್ಲ. ತಿಳಿದವನು ನೀನೊಬ್ಬನೇ.

ನಿನಗೆ ತಿಳಿದದ್ದನ್ನೇ ನಿನಗೆ ಬರೆಯುತ್ತಿದ್ದೇನೆ, ಬೇಸರ ಮಾಡಿಕೊಳ್ಳಬೇಡ. ಈ ಕಾಗದ ನಿನ್ನ ಕೈ ದಾಟಿ ಯಾರ ಕೈಗಾದರೂ ಹೋದರೆ ಅವರಿಗೂ ತಿಳಿಯಲಿ. ನಾನು ಹೊಸದಾಗಿ ಹಾಸಿಗೆ ಹೊಲಿಯುವ ಕೆಲಸ ಹಿಡಿದಾಗ ನಮ್ಮ ಮನೆಯ ಮುಂದೆ ಮೂರು ಮೆಟ್ಟಿಲಿದ್ದವು, ರಸ್ತೆಗೆ ಇಳಿಯಲಿಕ್ಕೆ. ಪ್ರತಿ ಚುನಾವಣೆಗೂ ಒಂದು ಪದರ ಡಾಂಬರು ಬಂತು. ಹಳೆಯದನ್ನು ಯಾರೂ ಕೆರೆದು ತೆಗೆಯಲಿಲ್ಲ, ಅದರ ಮೇಲೇ ಹೊಸದು. ಮೊದಲು ಮೆಟ್ಟಿಲು ಮುಳುಗಿದವು, ಆಮೇಲೆ ಹೊಸ್ತಿಲು. ರಸ್ತೆ ನಮ್ಮ ಸೊಂಟಕ್ಕೆ ಬಂತು. ಒಂದು ಮಳೆಗೆ ಚರಂಡಿ ನೀರೆಲ್ಲ ಒಳಗೆ ನುಗ್ಗಿ, ಹೊಲಿದಿಟ್ಟ ಹಾಸಿಗೆಗಳು ನೀರು ಕುಡಿದು ಎಮ್ಮೆಯ ಹಾಗೆ ಮಲಗಿದವು. ಆಗ ನೀನು ಗಾರೆ ಕೆಲಸ ಮಾಡುತ್ತಿದ್ದೆ. ಕರಣೆ, ತೂಗುಗುಂಡು ತಂದು, ಒಳಗಿನಿಂದ ಬಾಗಿಲಿಗೆ ಅಡ್ಡಲಾಗಿ ಎದೆಯೆತ್ತರ ಗೋಡೆ ಕಟ್ಟಿದೆ. ನೀರು ನಿಂತಿತು. ಪಕ್ಕದವರು ನೋಡಿ ನಮಗೂ ಕಟ್ಟಿಕೊಡು ಎಂದರು. ಇಡೀ ಓಣಿಗೆ ನೀನೇ ಕಟ್ಟಿದೆ, ಕೂಲಿ ಕೊಟ್ಟವರದೂ ಸರಿ, ಊಟ ಹಾಕಿದವರದೂ ಸರಿ. ಅವತ್ತಿನಿಂದ ನಮ್ಮ ಓಡಾಟವೆಲ್ಲ ಹಿತ್ತಿಲ ಕಡೆಯಿಂದ. ಅಡಿಗೆಮನೆ ದಾಟದೆ ಯಾರೂ ಒಳಗೆ ಬರುವ ಹಾಗಿಲ್ಲ, ಅದರಿಂದ ಯಾರ ಮನೆಯಲ್ಲಿ ಏನು ಬೆಂದಿದೆ ಎಂಬುದೂ ಗುಟ್ಟಾಗಿ ಉಳಿಯಲಿಲ್ಲ. ನೀರು ನಿಲ್ಲಿಸಿದ ಗಾರೆಯಣ್ಣ ಎಂದು ನಿನ್ನನ್ನು ಹೆಗಲ ಮೇಲೆ ಕೂರಿಸಿಕೊಂಡು ಮೊದಲ ಸಲ ಗೆಲ್ಲಿಸಿದ್ದು ಅದೇ ಕಾರಣಕ್ಕೆ. ಬೇರೆ ಏನೂ ಇರಲಿಲ್ಲವಲ್ಲ ನಮ್ಮ ಹತ್ತಿರ.

ಸಮೀಕ್ಷೆಯವನು ಬಂದದ್ದು ನನಗೆ ಚೆನ್ನಾಗಿ ನೆನಪಿದೆ. ಹಾಸಿಗೆಗೆ ಹತ್ತಿ ತುಂಬಿ ಗವಸಿನ ಬಾಯಿ ಹೊಲಿಯುತ್ತಿದ್ದೆ. ಮುಂಬಾಗಿಲು ಬಡಿದ ಸದ್ದಾಯಿತು. ನಮ್ಮಲ್ಲಿ ಮುಂಬಾಗಿಲು ಬಡಿದರೆ ಹೊಸಬರೆಂದೇ ಲೆಕ್ಕ. ರೂಢಿಯ ಹಾಗೆ "ಹಿಂದಿನಿಂದ ಬನ್ರೀ" ಎಂದು ಕೂಗಿದೆ. ಪಕ್ಕದ ಇಸ್ತ್ರಿಯವನ ಮನೆಗೆ ಹೋಗಿ ಬಡಿದ. ಅಲ್ಲೂ "ಹಿಂದಿನಿಂದ ಬನ್ರೀ." ಹೀಗೆ ಓಣಿಯ ಉದ್ದಕ್ಕೂ ಎಲ್ಲ ಮನೆಯವರೂ ಕರೆದರು, ಅವನು ಯಾರ ಮನೆಗೂ ಬರಲಿಲ್ಲ. ಬಾಗಿಲು ತೆರೆದರೆ ವಾಸ, ತೆರೆಯದಿದ್ದರೆ ಖಾಲಿ ಎಂದು ಅವನಿಗೆ ಹೇಳಿ ಕಳಿಸಿದ್ದರಂತೆ. ಕೂಗಿ ಕರೆಯುವ ಖಾಲಿ ಮನೆಗಳನ್ನು ಅವನು ಇನ್ನೆಲ್ಲಿ ನೋಡಿದ್ದನೋ.

ಸಭೆ ಮುಗಿಸಿಕೊಂಡು ಎಲ್ಲರೂ ನಮ್ಮ ಮನೆಗೇ ಬಂದರು. ಕೂರಲು ಹಾಸಿಗೆಗಳಿದ್ದವು, ಅದೊಂದು ಅನುಕೂಲ ನಮ್ಮಲ್ಲಿ. ಇಸ್ತ್ರಿಯವನಿಗೆ ಎಲ್ಲರಿಗಿಂತ ಸಿಟ್ಟು. "ಅಕ್ಕಾ, ನಿಮ್ಮ ತಮ್ಮ ಆ ವೇದಿಕೆ ಮೇಲೆ ಹಾಕ್ಕೊಂಡಿದ್ದ ಬಿಳಿ ಅಂಗಿ ಇದ್ಯಲ್ಲ, ಅದನ್ನ ಬೆಳಿಗ್ಗೆ ಗರಿಗರಿ ಮಾಡಿ ಕಳಿಸಿದ್ದು ನಾನು. ಖಾಲಿ ಮನೇಲಿ ಅಂಗಿ ತಾನಾಗೇ ಇಸ್ತ್ರಿ ಆಯ್ತಾ?" ಎಂದ. ಇನ್ನು ಮೇಲೆ ನಿನ್ನ ಅಂಗಿ ಮುಟ್ಟುವುದಿಲ್ಲ ಎಂದೂ ಹೇಳಿದ. ಅವನ ಹೆಂಡತಿ ಮಾತ್ರ ಇವನ ಸಿಟ್ಟನ್ನು ನಂಬಲಿಲ್ಲ. "ಮುಟ್ಟು ಮುಟ್ಟು, ಕಾಲರ್ ಹತ್ರ ಸ್ವಲ್ಪ ಜಾಸ್ತಿ ಹೊತ್ತು ಇಡು" ಎಂದಳು.

ಮುಂಬಾಗಿಲು ತೆರೆದರೆ ತಾನೇ ವಾಸ, ಹಾಗಾದರೆ ತೆರೆದೇ ತೋರಿಸೋಣ ಎಂದು ತೀರ್ಮಾನವಾಯಿತು. ಭಾನುವಾರ ಗೋಡೆ ಒಡೆಯುವುದು. ಮೊದಲು ನಮ್ಮ ಮನೆಯದು, ಯಾಕೆಂದರೆ ಮೊದಲು ಕಟ್ಟಿದ್ದು ಅದನ್ನೇ. ಹಾರೆ ಹಾಕಿದರು. ಹಾರೆ ಚಿಮ್ಮಿ ವಾಪಸು ಬಂತು. ಇಸ್ತ್ರಿಯವನ ತೋಳು ನಿನಗೆ ಗೊತ್ತಲ್ಲ, ಅಂಥವನೇ ಸುಸ್ತಾಗಿ ಕೂತುಬಿಟ್ಟ. ನೀನು ಕಟ್ಟಿದ ಗೋಡೆ ನಿನ್ನ ಮಾತಿನ ಹಾಗಲ್ಲಪ್ಪ, ಗಟ್ಟಿ. ಇಸ್ತ್ರಿಯವನ ಹೆಂಡತಿ ಚಹಾ ತಂದುಕೊಟ್ಟು, "ಏನ್ ಸಿಮೆಂಟ್ ಹಾಕಿದ್ನೋ ಮಹಾರಾಯ. ಆಗಿನ್ನೂ ಅದ್ರಲ್ಲಿ ಕದಿಯೋದು ಕಲ್ತಿರ್ಲಿಲ್ಲ ಅನ್ಸುತ್ತೆ" ಎಂದಳು. ಎಲ್ಲರೂ ನಕ್ಕರು. ನಾನೂ ನಕ್ಕೆ. ಆಮೇಲೆ ಒಳಗೆ ಹೋಗಿ, ಆಗಲೇ ಬಿಡಿಸಿಟ್ಟಿದ್ದ ಹತ್ತಿಯನ್ನೇ ಮತ್ತೆ ಬಿಡಿಸುತ್ತ ಕೂತೆ.

ಸಂಜೆಯ ಹೊತ್ತಿಗೆ ಅಂತೂ ಗೋಡೆ ಬಿತ್ತು. ಬಾಗಿಲು ಒಳಮುಖವಾಗಿ ತೆರೆಯಿತು. ರಸ್ತೆ ಸೊಂಟದ ಮಟ್ಟದಲ್ಲಿ ನಿಂತಿತ್ತು. ಮನೆಯೊಳಗೆ ಬೆಳಕು ಬಂತು, ಅದರ ಹಿಂದೆಯೇ ಲಾರಿಯ ಧೂಳು. ಹೋಗುವವರ ಕಾಲುಗಳಷ್ಟೇ ಕಾಣುತ್ತಿದ್ದವು. ಒಬ್ಬ ಹೆಂಗಸು ನಿಂತು, ಬಾವಿಗೆ ಬಗ್ಗಿ ನೋಡುವ ಹಾಗೆ ಬಗ್ಗಿ, "ಅಯ್ಯೋ, ಇಲ್ಲಿ ಜನ ಇದ್ದೀರಾ?" ಎಂದಳು. ಎಷ್ಟೋ ವರ್ಷದಿಂದ ದಿನಾ ಆ ದಾರಿಯಲ್ಲೇ ಕೆಲಸಕ್ಕೆ ಹೋಗುವವಳಂತೆ. ಇದ್ದೀವಮ್ಮ, ಹಿಂದಿನಿಂದ ಬನ್ನಿ ಎಂದೆ. ಬಾಯಿಗೆ ಅದೇ ಬಂತು.

ಸೋಮವಾರ ಇನ್ನೂ ಐದಾರು ಮನೆಯ ಗೋಡೆ ಇಳಿಸಿದರು. ನಮ್ಮ ಬುದ್ಧಿಗೆ ಅಷ್ಟೇ ಹೊಳೆದದ್ದು. ಮಂಗಳವಾರ ಇಬ್ಬರು ಬಂದು, ಏನೂ ಕೇಳದೆ, ಒಡೆದ ಬಾಗಿಲುಗಳ ಫೋಟೋ ತೆಗೆದುಕೊಂಡು ಹೋದರು. ಈಗ ಸರಿಯಾಯಿತು, ಫೋಟೋ ಇದ್ದ ಮೇಲೆ ಇನ್ನೇನು ಎಂದು ನಾವು ಹಿಗ್ಗಿದೆವು. ಫೋಟೋಕ್ಕೆ ಚೆನ್ನಾಗಿ ಬರಲಿ ಎಂದು ಕಂಡಕ್ಟರು ಅಂಗಿ ಬದಲಾಯಿಸಿ ಬಂದು ಬಾಗಿಲಲ್ಲಿ ನಿಂತಿದ್ದರು. ನಿನ್ನೆ ಬೆಳಿಗ್ಗೆ ಗೋಡೆಗೆ ನೋಟಿಸು. ಖಾಲಿ ಕಟ್ಟಡಗಳ ಗೋಡೆ ಒಡೆದು ಅಪರಿಚಿತರು ಒಳಗೆ ನುಗ್ಗಿರುತ್ತಾರೆ, ಬರುವ ಸೋಮವಾರ ವಾರ್ಡ್ ಸದಸ್ಯರ ಸಮಕ್ಷಮ ಸ್ಥಳ ಪರಿಶೀಲಿಸಿ, ಅವರ ಹೇಳಿಕೆ ಪಡೆದು, ಅತಿಕ್ರಮಣಕಾರರನ್ನು ತೆರವುಗೊಳಿಸಲಾಗುವುದು ಎಂದು. ಕಂಡಕ್ಟರ ಫೋಟೋವೂ ಪೊಲೀಸಿಗೆ ಹೋಗಿದೆಯಂತೆ, ನುಗ್ಗಿದವರಲ್ಲಿ ಮೊದಲನೆಯವರಾಗಿ.

ಆಗಿನಿಂದ ಓಣಿಯಲ್ಲಿ ಯಾರೂ ತಮಾಷೆ ಮಾಡುತ್ತಿಲ್ಲ. ಕಂಡಕ್ಟರು ಹೊರಗೇ ಬಂದಿಲ್ಲ. ಈ ವಯಸ್ಸಿಗೆ ಪೊಲೀಸಿನವರು ಕರೆದರೆ ಏನು ಹೇಳಲಿ, ನನ್ನ ಮನೆಗೆ ನಾನೇ ನುಗ್ಗಿದೆ ಅನ್ನಲಾ ಎಂದು ಕೇಳುತ್ತಾರೆ. ಒಡೆಯೋಣ ಎಂಬ ಮಾತಿಗೆ ಮೊದಲು ಹೂಂ ಎಂದವಳು ನಾನೇ ಆದ್ದರಿಂದ ಅವರ ಮುಖ ನೋಡಲು ನನಗೆ ಆಗುತ್ತಿಲ್ಲ. ಇನ್ನು ನಾಲ್ಕು ದಿನ ಕಳೆದರೆ ಹಾಸಿಗೆ ಎಲ್ಲಿ ಹೊಲಿಯುತ್ತೇನೆ, ಎಲ್ಲಿ ಮಲಗುತ್ತೇನೆ ಎಂಬುದು ನನಗೆ ಗೊತ್ತಿಲ್ಲ. ಇಸ್ತ್ರಿಯವನಿಗೂ ಗೊತ್ತಿಲ್ಲ. ಓಣಿಯಲ್ಲಿ ಯಾರಿಗೂ ಗೊತ್ತಿಲ್ಲ.

ಇಷ್ಟರವರೆಗೂ, ತಮ್ಮಾ, ನಾನು ನಿನ್ನ ಮೇಲೆ ಸಿಟ್ಟಾಗಿರಲಿಲ್ಲ. ನಂಬು. ಅವನಿಗೆ ಈಗ ನೂರೆಂಟು ಕೆಲಸ, ಗೋಡೆಯ ವಿಷಯ ಮರೆತುಹೋಗಿರಬೇಕು, ಸಭೆಯಲ್ಲಿ ತಕ್ಷಣ ನೆನಪಾಗಿರಲಿಕ್ಕಿಲ್ಲ ಎಂದು ನನಗೆ ನಾನೇ ಹೇಳಿಕೊಂಡೆ. ಓಣಿಯವರಿಗೂ ಅದನ್ನೇ ಹೇಳಿದೆ. ನಿನ್ನ ಕಚೇರಿಯ ಮುಂದೆ ಹೋಗಿ ಕೂಗಾಡುತ್ತೇವೆ ಎಂದು ಹೊರಟವರನ್ನು ತಡೆದು ಕೂರಿಸಿದೆ.

ನಿನ್ನೆ ಸಂಜೆ ನಿನ್ನ ಡ್ರೈವರು ಬಂದ. ಒಳ್ಳೆಯ ಮನುಷ್ಯ, ಚಪ್ಪಲಿ ಹೊರಗೆ ಬಿಟ್ಟು ಬಂದ. "ಅಕ್ಕಾವ್ರೇ, ಸಾಹೇಬ್ರು ಹೇಳಿ ಕಳ್ಸಿದಾರೆ. ಹೊಸ ಬಿಲ್ಡಿಂಗಲ್ಲಿ ಕೆಳಗಿನ ಮನೆ ನಿಮ್ಗೇ ಅಂತೆ, ಮೆಟ್ಲು ಹತ್ತೋ ಹಾಗಿಲ್ಲ. ಅದು ಕಟ್ಟೋವರ್ಗೂ ಒಂದು ಬಾಡಿಗೆ ಮನೆ ನೋಡಿದಾರೆ, ಭಾನುವಾರವೇ ಸಾಮಾನು ಸಾಗಿಸ್ಬೇಕಂತೆ, ಕಾರು ತರ್ತೀನಿ. ಯಾರಿಗೂ ಹೇಳ್ಬೇಡಿ ಅಂದ್ರು" ಎಂದ. ನನ್ನ ಮಂಡಿ ನಿನಗೆ ನೆನಪಿದೆ ಎಂದುಕೊಂಡೆ. ಕೆಳಗಿನ ಮನೆ ಎಂದಾಗ ಆಸೆ ಆಗಲಿಲ್ಲ ಅನ್ನುವುದಿಲ್ಲ. ಕಿಟಕಿ ಯಾವ ಕಡೆಗಿದೆಯಪ್ಪ ಎಂದು ಕೇಳಿಯೂಬಿಟ್ಟೆ. ಕೇಳಿದ ಮೇಲೆ ನೋಡಿದೆ, ಅವನು ನಿಂತಿದ್ದುದು ನನ್ನ ಒಲೆಯ ಪಕ್ಕದಲ್ಲಿ. ಈ ಮನೆಗೆ ಹಿಂದೆಂದೂ ಬಂದವನಲ್ಲ ಅವನು. ದಾರಿ ಹೇಗೆ ಗೊತ್ತಾಯಿತು ಎಂದೆ. "ಮುಂದಿನಿಂದ ಬಡಿಬೇಡ, ಪ್ರಯೋಜನ ಇಲ್ಲ. ಸೀದಾ ಹಿತ್ತಿಲಿಗೆ ಹೋಗು ಅಂತ ಸಾಹೇಬ್ರೇ ಹೇಳಿದ್ರು" ಎಂದ.

ಮರೆತಿರಲಿಲ್ಲ ನೀನು.

ಡ್ರೈವರಿಗೆ ಚಹಾ ಕೊಟ್ಟು ಕಳಿಸಿದೆ. ಕಾರು ಬೇಡ ಎಂದು ಹೇಳಿದ್ದೇನೆ, ನಿನಗೆ ಮುಟ್ಟಿಸಿರಬೇಕು. ಅಮ್ಮ ಹೋದ ಮೇಲೆ ನಿನ್ನನ್ನು ಎತ್ತಿ ಆಡಿಸಿದವಳು ನಾನು, ಅನ್ನ ಹಾಕಿದ ಲೆಕ್ಕ ಹೇಳುವವಳಲ್ಲ. ಆದರೆ ನಿನ್ನ ತಪ್ಪಿಗೆ ಬೆಲೆ ಎಂದು ನನ್ನೊಬ್ಬಳಿಗೆ ಮನೆ ಕೊಡಬೇಡ. ಪಕ್ಕದ ಮನೆಯವರನ್ನು ಬೀದಿಗೆ ಹಾಕಿ ನಾನು ಕೆಳಗಿನ ಮನೆಯಲ್ಲಿ ಯಾವ ಮುಖ ಇಟ್ಟುಕೊಂಡು ಕೂರಲಿ? ಅಲ್ಲಿಗೆ ಯಾರು ಬರುತ್ತಾರೆ, ಯಾವ ಬಾಗಿಲಿಂದ?

ನಾನು ಕೇಳುವುದು ದೊಡ್ಡದೇನಲ್ಲ. ಯೋಜನೆ ನಿಲ್ಲಿಸು ಎನ್ನುವುದಿಲ್ಲ, ಅದು ನಿನ್ನ ಕೈಯಲ್ಲೂ ಇಲ್ಲವೇನೋ. ಸೋಮವಾರ ಅವರ ಜೊತೆ ಬಂದು ನಿಂತಾಗ ಒಂದೇ ಮಾತು ಹೇಳು. 'ಇಲ್ಲಿ ಜನ ಇದ್ದಾರೆ. ಈ ಬಾಗಿಲು ಮುಚ್ಚಿದವನು ನಾನು, ಇವರು ಬದುಕಲಿ ಎಂದು ಮುಚ್ಚಿದೆ.' ಅಷ್ಟು ಸಾಕು. ಬರೆದುಕೊಳ್ಳುವವರು ಬರೆದುಕೊಳ್ಳಲಿ. ಆಮೇಲೆ ಒಪ್ಪಿಗೆಯ ಮಾತು, ಹೊಸ ಮನೆಯ ಮಾತು, ಜಗಳ, ಎಲ್ಲ ನಾವು ಇಂಜಿನಿಯರಮ್ಮನ ಜೊತೆ ನೇರ ಆಡಿಕೊಳ್ಳುತ್ತೇವೆ. ಇದ್ದವರಾಗಿ ಆಡುತ್ತೇವೆ.

ನೀನು ಹೇಳದಿದ್ದರೆ ನಾನು ಹೇಳುತ್ತೇನೆ. ಅದನ್ನು ಮುಂಚೆಯೇ ತಿಳಿಸಿಬಿಡಬೇಕು ಎಂದೇ ಈ ಕಾಗದ. ಎಲ್ಲರ ಮುಂದೆ, ಅತಿಕ್ರಮಣಕಾರರ ಸಾಲಿನಲ್ಲಿ ನಿಂತು ಹೇಳುತ್ತೇನೆ. ಒಡೆದ ಇಟ್ಟಿಗೆಗಳನ್ನು ನಾನು ಬಿಸಾಡಲು ಬಿಟ್ಟಿಲ್ಲ. ನೋಡಿ ಸ್ವಾಮಿ, ಈ ಗೋಡೆಗೆ ಒಳಮುಖದಲ್ಲಿ ನುಣ್ಣಗೆ ಗಾರೆ ಸವರಿದ ಗಿಲಾಯಿ ಇದೆ, ಹೊರಮುಖ ಹಾಗೇ ಒರಟು. ಒಳಗೆ ನಿಂತು ಕಟ್ಟಿದ ಗೋಡೆ ಇದು, ಒಳಗೆ ನಿಂತವನು ಕಟ್ಟಿದ ಮೇಲೆ ಹೊರಗೆ ಹೋದದ್ದು ನನ್ನ ಅಡಿಗೆಮನೆಯಿಂದ, ಅವನು ಇವನೇ, ನನ್ನ ತಮ್ಮ, ಎನ್ನುತ್ತೇನೆ. ಅಷ್ಟು ಹೇಳಿದ ಮೇಲೆ ನೀನು ನನ್ನ ಮನೆಗೆ ಬರುವುದಿಲ್ಲ ಎಂಬುದೂ ಗೊತ್ತು. ಮನೆ ಉಳಿದರೆ ತಮ್ಮ ಇಲ್ಲ, ತಮ್ಮ ಉಳಿದರೆ ಓಣಿ ಇಲ್ಲ. ಇಂಥದ್ದೊಂದು ತಕ್ಕಡಿಯನ್ನು ನನ್ನ ಕೈಗೆ ಕೊಟ್ಟಿದ್ದೀಯ. ದಬ್ಬಣ ಹಿಡಿದು ಅಭ್ಯಾಸವಾದ ಕೈ ಇದು, ತಕ್ಕಡಿ ಹಿಡಿದು ಗೊತ್ತಿಲ್ಲ. ಆದರೂ ಹಿಡಿಯುತ್ತೇನೆ.

ತಿಂಡಿ ಹೊತ್ತಿಗೆ ಸರಿಯಾಗಿ ತಿನ್ನು. ಸಭೆ ಸಭೆ ಎಂದು ಬರೀ ಚಹಾ ಕುಡಿದುಕೊಂಡು ಇರಬೇಡ.

ಇಂತಿ,
ಹಿತ್ತಿಲ ಓಣಿಯ ನಿವಾಸಿ, ಮತ್ತು ನಿನ್ನ ಅಕ್ಕ

ತಾ.ಕ.: ಮೇಲೆ ಎರಡು ಕಡೆ ಸಾಲುಗಳನ್ನು ಅಡ್ಡಡ್ಡ ಹೊಡೆದಿರುವುದು ನನ್ನ ಕೈಯಲ್ಲ. ನಿನ್ನನ್ನು ವಹಿಸಿಕೊಂಡು, ಅವನಿಗೂ ಮೇಲಿನವರ ಕಾಟ ಇರುತ್ತದೆ ಎಂದೆಲ್ಲ ಬರೆದಿದ್ದೆ. ಓದಿ ನೋಡಿ ಹೊಡೆದು ಹಾಕಿದವಳು ನಿನ್ನ ಹೆಂಡತಿ. ಅವಳು ತನ್ನ ತಂಗಿಯ ಮನೆಗೆ ಹೋಗಿದ್ದಾಳೆ ಎಂದು ನೀನು ತಿಳಿದಿರುತ್ತೀಯ. ಬೆಳಿಗ್ಗೆ ಇಲ್ಲಿಗೆ ಬಂದಳು, ಒಂದು ಚೀಲ ಬಟ್ಟೆ ತಂದಿದ್ದಾಳೆ. ಹೇಳಬೇಡಿ ಎಂದಿದ್ದಾಳೆ, ಆದರೂ ಹೇಳುತ್ತಿದ್ದೇನೆ, ಸೋಮವಾರ ನೀನು ನಾಲ್ಕು ಜನರ ಮುಂದೆ ಬೆಚ್ಚಿಬೀಳಬಾರದಲ್ಲ. ಅವತ್ತು ಮುಂಬಾಗಿಲಲ್ಲಿ ನಿಲ್ಲುವವಳು ಅವಳೇ ಅಂತೆ, ನುಗ್ಗಿದವರ ಪಟ್ಟಿಯಲ್ಲಿ ತನ್ನ ಹೆಸರನ್ನೂ ಬರೆಸುತ್ತಾಳಂತೆ. ಸೋಮವಾರ ಆದ ಮೇಲೆ ನಿಮ್ಮ ಮನೆಗೆ ವಾಪಸು ಹೋಗುತ್ತಾಳೋ ಇಲ್ಲವೋ ನಾನು ಕೇಳಲಿಲ್ಲ. ಅದನ್ನು ಕೇಳಬೇಕಾದವನು ನೀನು.